ಕೌದಿಯ ಮೂಲೆಯಲ್ಲಿ ರೊಟ್ಟಿ

ಜರಡಿ ಬಂದ ಮೇಲೆ ಹುಬ್ಬಳ್ಳಿಯ ಆ ಆಸರೆಮನೆಯಲ್ಲಿ ಯಾವ ವಾಸನೆಯೂ ಉಳಿಯಲಿಲ್ಲ. ಊರೂರು ಅಲೆದು ಬಂದವರ ಬೆವರು, ಒದ್ದೆ ಕಂಬಳಿ, ಬೀಡಿ, ಬೆಳ್ಳುಳ್ಳಿ, ತಲೆಗೆ ಹಾಕಿದ ಎಣ್ಣೆ, ಎಲ್ಲವನ್ನೂ ಅದು ಬಾಗಿಲಲ್ಲೇ ಸೋಸಿ ಬಿಸಾಡುತ್ತಿತ್ತು. ಹೊಸಬರು ಒಳಗೆ ಕಾಲಿಟ್ಟ ಕೂಡಲೇ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದರು, ನೆಗಡಿ ಏನಾದರೂ ಆಯಿತೇ ಎಂದು. ಆಸರೆಮನೆ ನಡೆಸುತ್ತಿದ್ದ ನೀಲಗಂಗಾ ಹೂಗಾರಳಿಗೆ ಇದನ್ನು ನೋಡಿ ಪ್ರತಿಸಲವೂ ನಗು ಬರುತ್ತಿತ್ತು.

"ಮೂಗು ನೆಟ್ಟಗೈತಿ ಬಿಡ್ರಿ, ಗಾಳಿ ಅಷ್ಟ ಸ್ವಚ್ಛ ಐತಿ. ನಡೀರಿ ಒಳಗ," ಎನ್ನುತ್ತಿದ್ದಳು.

ಜರಡಿ ಎಂಬುದು ಜನ ಇಟ್ಟ ಹೆಸರು. ಸರಕಾರಿ ಕಾಗದದಲ್ಲಿ ಅದಕ್ಕೆ ಮಾರುದ್ದದ ಹೆಸರಿತ್ತು, ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕೈಯಲ್ಲಿನ ಚಹಾ ಆರಿಹೋಗುತ್ತಿತ್ತು. ನೋಡಲು ಅದು ಬಾಗಿಲಿಗೂ ಗೋಡೆಗಳಿಗೂ ಹೊದಿಸಿದ ತೆಳ್ಳನೆಯ ಬೂದು ಪರದೆ, ಅಷ್ಟೆ. ಒಳಗಿನ ಗಾಳಿಯೆಲ್ಲ ಆ ಪರದೆಯ ಮೂಲಕ ಹಾಯ್ದು ಹೋಗುತ್ತದೆ. ಹಾಯುವಾಗ ಪರದೆ ಪ್ರತಿಯೊಂದು ಕಣವನ್ನೂ ಮೊದಲು ಗುರುತು ಹಿಡಿಯುತ್ತದೆ, ಆಮೇಲೆ ಮುರಿದು ಪುಡಿ ಮಾಡುತ್ತದೆ. ಗುರುತು ಹಿಡಿಯದೆ ಮುರಿಯಲು ಅದಕ್ಕೆ ಬಾರದು. ಕ್ಷಯದ ಕಣವಾಗಲಿ, ಸಿಲಿಂಡರಿನಿಂದ ಸೋರಿದ ಗ್ಯಾಸಾಗಲಿ, ಮಲ್ಲಿಗೆಯ ಪರಿಮಳವಾಗಲಿ, ಅದಕ್ಕೆ ಎಲ್ಲ ಒಂದೇ. ಯಾವ ಹಾಸಿಗೆಯಲ್ಲಿ ಎಷ್ಟು ಮಂದಿ ಉಸಿರಾಡುತ್ತಿದ್ದಾರೆ ಎಂಬುದೂ ಅದಕ್ಕೆ ತಿಳಿಯುತ್ತಿತ್ತು.

ಇದೇನೂ ಶೋಕಿಗೆ ಬಂದದ್ದಲ್ಲ. ನೀಲಗಂಗಾ ಚಿಕ್ಕವಳಿದ್ದಾಗ ಗೂಡಿನ ಜ್ವರ ಬಂದಿತ್ತು. ಇಲಿಯ ಮೈಮೇಲಿನ ಹುಳದಿಂದ ಹಾಸಿಗೆಗೆ ಬಂತು, ಹಾಸಿಗೆಯಿಂದ ಮನುಷ್ಯನಿಗೆ, ಮನುಷ್ಯನ ಉಸಿರಿನಿಂದ ಪಕ್ಕದಲ್ಲಿ ಮಲಗಿದವನಿಗೆ. ಮನೆ ಇದ್ದವರು ಬಾಗಿಲು ಹಾಕಿಕೊಂಡು ಬದುಕಿದರು. ಆಸರೆಮನೆಗಳಲ್ಲಿ ಒತ್ತೊತ್ತಾಗಿ ಮಲಗಿದವರು ಬದುಕಲಿಲ್ಲ. ಅದಾದ ಮೇಲೆ ಆಸರೆಮನೆ ನಡೆಸುವವರಿಗೆಂದು ಸುರಕ್ಷಾ ನಿಯಮಗಳು ಬಂದವು. ತಂದ ಗಂಟುಮೂಟೆ ಬಿಸಿಪೆಟ್ಟಿಗೆಯಲ್ಲಿ ಕಾದೇ ಒಳಗೆ ಬರಬೇಕು. ಒಂದು ಹಾಸಿಗೆಗೆ ಒಬ್ಬರೇ. ಒಬ್ಬರ ತಲೆ ಇದ್ದ ಕಡೆ ಪಕ್ಕದವರ ಕಾಲು. ಹಾಸಿಗೆ ಹೊದಿಕೆಯಲ್ಲಿ ಅನ್ನದ ಅಗುಳೂ ಇರಕೂಡದು, ಇದ್ದರೆ ಆ ಹೊದಿಕೆಯನ್ನು ಕಾಯಿಸುವುದೂ ಅಲ್ಲ, ಸುಟ್ಟುಬಿಡಬೇಕು. ಅನ್ನವಿದ್ದಲ್ಲಿ ಇಲಿ ಬರುತ್ತದೆ, ಇಲಿ ಬಂದಲ್ಲಿ ಜ್ವರ.

ನೀಲಗಂಗಾ ಈ ನಿಯಮಗಳನ್ನು ಮಡಿಯಂತೆ ಪಾಲಿಸುತ್ತಿದ್ದಳು. ಜೊತೆಯಲ್ಲಿ ಬಂದ ಅಕ್ಕತಂಗಿಯರನ್ನೂ ಬೇರೆ ಬೇರೆ ಮಲಗಿಸುತ್ತಿದ್ದಳು. ಅವರು ಮುಖ ಸಣ್ಣದು ಮಾಡಿದರೂ ಕರಗುತ್ತಿರಲಿಲ್ಲ. ಯಾಕೆಂದರೆ ಜ್ವರದ ವರ್ಷ ಇದೇ ಆಸರೆಮನೆಯಲ್ಲಿ ಅವಳ ತಾಯಿ ರಾಚವ್ವ ಸತ್ತಿದ್ದಳು. ಹಳೇ ಸೀರೆ ಧೋತರಗಳನ್ನು ಪದರವಾಗಿ ಕೂಡಿಸಿ ಹೊಲಿದ ಒಂದೇ ಕೌದಿಯೊಳಗೆ ತಾಯಿ ಮಗಳು ಇಬ್ಬರೂ ಮಲಗಿದ್ದರು. ಮಗಳು ಹೇಗೆ ಉಳಿದಳು ಎಂಬುದು ಯಾವ ಡಾಕ್ಟರಿಗೂ ಗೊತ್ತಾಗಲಿಲ್ಲ.

ಆಗ ಅದು ಬರೀ ಹತ್ತಿಯ ಗೋದಾಮು. ಜಿನ್ನಿಂಗ್ ಫ್ಯಾಕ್ಟರಿ ಮುಚ್ಚಿದ ಮೇಲೆ ಯಾರೋ ಪುಣ್ಯಾತ್ಮರು ಮನೆಯಿಲ್ಲದವರಿಗೆ ಬಿಟ್ಟುಕೊಟ್ಟಿದ್ದರು. ಸಂಜೆಯಾದರೆ ಅಂಗಳದಲ್ಲಿ ಸಾಲಾಗಿ ಇಟ್ಟಿಗೆ ಒಲೆಗಳು ಉರಿಯುತ್ತಿದ್ದವು. ರೊಟ್ಟಿ ಬಡಿಯುವ ಸದ್ದು ಒಂದು ಒಲೆಯಿಂದ ಇನ್ನೊಂದಕ್ಕೆ ಹಬ್ಬುತ್ತಿತ್ತು. ಹೂ ಮಾರಿ ಬಂದ ರಾಚವ್ವನ ಸೆರಗಿನಲ್ಲಿ ಬಾಡಿದ ಸೇವಂತಿಗೆಯ ಎಸಳು ಇರುತ್ತಿದ್ದವು. ಒಳಗೆ ಎಲ್ಲ ಕೌದಿಗಳೂ ಒಂದಕ್ಕೊಂದು ತಾಗಿಕೊಂಡೇ ಇರುತ್ತಿದ್ದವು. ನಡುರಾತ್ರಿ ಕಾಲು ಚಾಚಿದರೆ ಅದು ಯಾರದೋ ಮನೆಯವರ ಕೌದಿಯೊಳಗೆ ಹೋಗಿರುತ್ತಿತ್ತು, ಅವರು ಬೈಯುತ್ತಲೇ ಇನ್ನಷ್ಟು ಹೊದಿಸುತ್ತಿದ್ದರು. ಆ ಬೆಚ್ಚನೆಯ ಗದ್ದಲವೇ ಅವರನ್ನು ಕೊಂದಿತು, ನೀಲಗಂಗಾಳಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಈಗಲೂ ರಾತ್ರಿ ಅವಳ ಕಾಲು ಪಕ್ಕದ ಕೌದಿಯನ್ನು ಹುಡುಕುತ್ತಿತ್ತು.

ಸಾಂವಕ್ಕ ಬಂದದ್ದು ಚಳಿಗಾಲದ ಒಂದು ಸಂಜೆ. ಹಳೇ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದ ಮುದುಕಿಯನ್ನು ಚಳಿಗೆ ಸತ್ತಾಳೆಂದು ಹೆದರಿ ಹೂವಿನ ವ್ಯಾಪಾರದವರು ಆಟೋದಲ್ಲಿ ಕೂರಿಸಿ ಕಳಿಸಿದ್ದರು. ಗಿಡ್ಡ ಆಳು, ಹಣೆಯ ತುಂಬ ಹಚ್ಚೆ, ಬಾಯಲ್ಲಿ ಹಲ್ಲಿಗಿಂತ ಮಾತು ಜಾಸ್ತಿ. ಒಂದು ಕಾಲದಲ್ಲಿ ಮನೆಮನೆಗೆ ಹೋಗಿ ಕೌದಿ ಹೊಲಿದು ಕೊಡುತ್ತಿದ್ದವಳಂತೆ. ಕಂಕುಳಲ್ಲಿ ಅವಳದೇ ಕೌದಿ ಇತ್ತು, ಮಗುವಿನಷ್ಟು ದಪ್ಪ ಸುತ್ತಿದ್ದು.

"ಗಂಟು ಈ ಪೆಟಿಗ್ಯಾಗ ಇಡಬೇಕ್ರಿ ಯವ್ವಾ. ಕಾಸಿ ಕೊಡತೀವಿ," ಎಂದಳು ನೀಲಗಂಗಾ.

"ಕೌದಿ ಏನ್ ಹಾಲೇನ, ಕಾಸಾಕ?"

ಜಗಲಿಯ ಮೇಲೆ ಕೂತಿದ್ದ ಫಕೀರಪ್ಪ ನಕ್ಕ. ಅವನು ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡಿ ಸೊಂಟ ಹೋದವನು, ಆಸರೆಮನೆಯ ಹಳೇ ಹುಲಿ. "ಇಲ್ಲಿ ಎಲ್ಲಾನೂ ಕಾಸತಾರ ಯವ್ವಾ. ನಮ್ಮನ್ನಷ್ಟ ಬಿಟ್ಟಾರ, ಪೆಟಿಗಿ ಸಣ್ಣದೈತಿ ಅಂತ."

ಮುದುಕಿ ಅನುಮಾನದಿಂದಲೇ ಕೌದಿಯನ್ನು ಕೊಟ್ಟಳು. ನೀಲಗಂಗಾ ಅದನ್ನು ಬಾಗಿಲ ಪರದೆಗೆ ಒಡ್ಡಿದಳೋ ಇಲ್ಲವೋ, ಮೇಲಿನ ದೀಪ ಕೆಂಪಗಾಯಿತು. ಒಳಗೆ ಅನ್ನದ ಪದಾರ್ಥ ಇದೆ ಎಂದು ಜರಡಿ ಹೇಳಿತು. ಸುಡಬೇಕು ಎಂದೂ ಹೇಳಿತು.

ನೀಲಗಂಗಾಳಿಗೆ ಏನೆಂದು ಕೇಳುವ ಅಗತ್ಯ ಇರಲಿಲ್ಲ. ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯನ್ನು ಬರಿದಾಗಿ ಮುಚ್ಚುವುದಿಲ್ಲ, ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿರಬೇಕು, ಹೊದ್ದವರ ಹೊಟ್ಟೆಯೂ ತುಂಬುತ್ತದೆ ಎಂಬ ನಂಬಿಕೆ. ರಾಚವ್ವ ಹಾಗೆ ಹೊಲಿಯುವಾಗ ಚಿಕ್ಕ ನೀಲಗಂಗಾ ಎದುರು ಕೂತು, ಆ ಚೂರು ನನಗೆ ಕೊಡು ಎಂದು ಹಟ ಮಾಡಿ ಬೆನ್ನಿಗೆ ಗುದ್ದು ತಿಂದಿದ್ದಳು. ಜ್ವರದ ವರ್ಷ ಆ ಕೌದಿಯನ್ನೂ ಅಂಗಳದಲ್ಲಿ ಹಾಕಿ ಸುಟ್ಟರು. ಸುಡುವವರ ಕೈಗೆ ಅದನ್ನು ಕೊಟ್ಟವಳು ನೀಲಗಂಗಾಳೇ, ಬೇರೆ ಯಾರೂ ಇರಲಿಲ್ಲ.

ಇನ್ನೊಂದು ಕೌದಿಯನ್ನು ಬೆಂಕಿಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಸಾಂವಕ್ಕ ಆ ಕಡೆ ಚಹಾ ಕುಡಿಯುತ್ತಿದ್ದಾಗ ಬ್ಲೇಡಿನಿಂದ ಮೂಲೆಯ ಹೊಲಿಗೆ ಬಿಚ್ಚಿದಳು, ಕಲ್ಲಿನಂತಾಗಿದ್ದ ರೊಟ್ಟಿಯ ಚೂರನ್ನು ತೆಗೆದು ಒಲೆಗೆ ಎಸೆದಳು, ದೀಪ ಹಸಿರಾದ ಮೇಲೆ ಕೌದಿಯನ್ನು ಬಿಸಿಪೆಟ್ಟಿಗೆಗೆ ಹಾಕಿದಳು. ದೊಡ್ಡ ಉಪಕಾರ ಮಾಡಿದೆನೆಂದೇ ಅಂದುಕೊಂಡಳು.

ಕೌದಿ ಕಾದು ಹೊರಬಂದಾಗ ಸಾಂವಕ್ಕ ಅದನ್ನು ಕೈಯಲ್ಲಿ ಹಿಡಿದು ಮೂಸಿದಳು. ತಿರುಗಿಸಿ ಇನ್ನೊಮ್ಮೆ ಮೂಸಿದಳು. ಆಮೇಲೆ ಬೆರಳು ಅಂಚಿನುದ್ದಕ್ಕೂ ಹೋಗಿ ಆ ಮೂಲೆಯ ಹತ್ತಿರ ನಿಂತಿತು.

"ಇದರ ಹೊಟ್ಟಿ ಯಾರು ಹರದ್ರು?"

"ನಾನ ಯವ್ವಾ. ಇಲ್ಲಾಂದ್ರ ಸುಡಬೇಕಾಗಿತ್ತು."

"ಸುಡಬೇಕಿತ್ತಲ್ಲ, ಸತ್ತೈತಿ ಅಂತಾದ್ರೂ ಗೊತ್ತಾಗತಿತ್ತು. ನಮ್ಮವ್ವ ತನ್ನ ಕೈಯಾರೆ ಇಟ್ಟಿದ್ದ ತುತ್ತದು. ಹೊಟ್ಟಿ ಹರದದ್ದು ಹೊದ್ಕೊಂಡು ನಾ ಮಲಗೂದಿಲ್ಲ, ನಿನ್ನ ಮನಿ ಒಳಗೂ ಬರೂದಿಲ್ಲ."

ಅವಳು ಕೌದಿಯನ್ನು ಜಗಲಿಯ ಕಂಬಕ್ಕೆ ಒರಗಿಸಿ ಅದರ ಪಕ್ಕದಲ್ಲಿ ಕೂತುಬಿಟ್ಟಳು. ಹೊದಿಯಲಿಲ್ಲ, ಬಿಡಲೂ ಇಲ್ಲ.

ಒಳಗಿನಿಂದ ಕೊಟ್ಟ ಚಾದರಗಳನ್ನೂ ಮುದುಕಿ ಮುಟ್ಟಲಿಲ್ಲ. ಅವು ಹಗುರ, ಬಿಳಿ, ಒಂದು ಸಲ ಉಪಯೋಗಿಸಿ ಕರಗಿಸುವಂಥವು. "ಹೆಣಕ್ಕ ಹಾಕೂ ಅರಿವಿ," ಎಂದು ಬದಿಗೆ ಸರಿಸಿದಳು. ಊಟ ಇಟ್ಟರೆ ನಾಲ್ಕು ತುತ್ತು ತಿಂದು ತಟ್ಟೆ ದೂಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ತುಟಿ ನೀಲಿಗಟ್ಟಿರುತ್ತಿತ್ತು, ಕೆಮ್ಮು ಎದೆಯಿಂದ ಬರತೊಡಗಿತ್ತು. ನೀಲಗಂಗಾ ಕಾಲು ಹಿಡಿಯುವುದೊಂದು ಬಾಕಿ, ಎಲ್ಲ ಬಗೆಯಲ್ಲೂ ಬೇಡಿಕೊಂಡಳು.

ಜಗಲಿಯ ಮೇಲೆ ಯಾರನ್ನೂ ಬಹಳ ದಿನ ಇಟ್ಟುಕೊಳ್ಳುವ ಹಾಗಿರಲಿಲ್ಲ. ಜರಡಿ ದಾಟಿ ಒಳಗೆ ಬರಬೇಕು, ಇಲ್ಲವೇ ಊರ ಹೊರಗಿನ ಮುಚ್ಚಿದ ವಾರ್ಡಿಗೆ ಹೋಗಬೇಕು. ಅಲ್ಲಿ ಗಾಜಿನ ಕೋಣೆಗಳು, ಒಬ್ಬೊಬ್ಬರಿಗೆ ಒಂದೊಂದು, ಕೈಗೆ ಯಾವ ಸ್ವಂತ ವಸ್ತುವನ್ನೂ ಕೊಡುವುದಿಲ್ಲ. ಶನಿವಾರ ಬೆಳಿಗ್ಗೆ ಗಾಡಿ ಬರುತ್ತದೆಂದು ಆಸರೆಮನೆಗಳ ಮೇಲ್ವಿಚಾರಣೆಯ ಮಂಡಳಿಯಿಂದ ತಿಳಿಸಿದರು. ಅಲ್ಲಿಗೆ ಹೋದ ಈ ವಯಸ್ಸಿನವರು ಯಾರೂ ತಿರುಗಿ ಬಂದದ್ದನ್ನು ನೀಲಗಂಗಾ ಕಂಡಿರಲಿಲ್ಲ.

"ನೀ ಹರದಿ, ನೀನ ಏನರ ಮಾಡಬೇಕ ನೀಲಕ್ಕ," ಎಂದ ಫಕೀರಪ್ಪ. ಯಾವತ್ತೂ ಚೇಷ್ಟೆ ಮಾಡುವವನು ಅವತ್ತು ನಗದೇ ಹೇಳಿದ. ಅದು ಅವಳಿಗೆ ನೇರ ನಾಟಿತು.

ಜರಡಿಗಳ ನಿಯಂತ್ರಣ ಕೊಠಡಿ ವಿದ್ಯಾನಗರದಲ್ಲಿ, ಹಳೆಯ ಸಿನಿಮಾ ಟಾಕೀಸಿನ ಕಟ್ಟಡದಲ್ಲಿತ್ತು. ಮೊದಲು ಸಿನಿಮಾದ ಪರದೆ ಇದ್ದ ಗೋಡೆಯ ತುಂಬ ಈಗ ಊರಿನ ಎಲ್ಲ ಆಸರೆಮನೆಗಳ ನಕ್ಷೆ. ಪ್ರತಿ ಹಾಸಿಗೆಗೆ ಒಂದು ಹಸಿರು ಚುಕ್ಕೆ, ಉಸಿರಿನ ಜೊತೆಗೆ ದೊಡ್ಡದಾಗಿ ಸಣ್ಣದಾಗುತ್ತಿತ್ತು. ಅಲ್ಲಿನ ಇಂಜಿನಿಯರ್ ತನ್ವೀರ್ ಸವಣೂರ ನೀಲಗಂಗಾಳಿಗೆ ಕುರ್ಚಿ ಎಳೆದು ಕೊಟ್ಟ. ಜರಡಿ ಕೆಟ್ಟಾಗಲೆಲ್ಲ ಬಂದು ಸರಿ ಮಾಡಿ, ಅವಳ ಕೈಯ ಚಹಾ ಕುಡಿದು ಹೋಗುವವನು. ಅವಳು ಸಾಂವಕ್ಕನ ವಿಷಯವನ್ನೆಲ್ಲ ಅವನಿಗೆ ಹೇಳಿದಳು.

"ಒಂದು ಮಾತು ಕೇಳಲೇನಪ್ಪಾ? ಗುರುತು ಹಿಡದ ಮ್ಯಾಲ ಮುರೀತೈತಿ ಅಂತೀಯಲ್ಲ, ಆ ಗುರುತು ಎಲ್ಲಿ ಹೋಗತೈತಿ?"

"ಎಲ್ಲೂ ಹೋಗೂದಿಲ್ಲ ಅಕ್ಕಾರ. ಅದರ ಹೊಟ್ಟ್ಯಾಗ ಇರತೈತಿ."

"ಹಂಗಾರ ಆ ಮುದುಕಿ ಕೌದಿ ವಾಸ್ನಿ ಅದಕ್ಕ ಗೊತ್ತು."

ತನ್ವೀರ್ ಅವಳ ಮುಖ ನೋಡಿದ. ಅವಳು ಏನು ಕೇಳುತ್ತಿದ್ದಾಳೆಂದು ಹೊಳೆದಾಗ ಗಡ್ಡ ಕೆರೆದುಕೊಂಡ. ಜರಡಿಯ ಮೂಗು ಸರಿಯಾಗಿದೆಯೇ ಎಂದು ನೋಡಲು ಪ್ರತಿ ಬೆಳಿಗ್ಗೆ ಪರದೆಯ ಹಿಂದಿನ ಸಣ್ಣ ನಳಿಕೆಗಳಿಂದ ಪರೀಕ್ಷೆಯ ವಾಸನೆ ಬಿಡುತ್ತಾರೆ. ಹೊಗೆಯ ವಾಸನೆ ಒಂದು ಚಿಟಿಕೆ, ಗ್ಯಾಸಿನದು ಒಂದು ಚಿಟಿಕೆ. ಆ ನಳಿಕೆಗಳಲ್ಲಿರುವ ದ್ರವ್ಯಗಳನ್ನು ಬೇಕಾದ ಹಾಗೆ ಬೆರೆಸಿದರೆ ಬೇಕಾದ ವಾಸನೆ ಬಂದೀತು. ಗುರುತು ಇದೆ, ಸಾಮಗ್ರಿ ಇದೆ, ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ.

"ಪರೀಕ್ಷೆ ಅಂತ ಬಿಡಬಹುದ್ರಿ. ನಿಯಮಕ್ಕೇನೂ ಧಕ್ಕಿ ಇಲ್ಲ," ಎಂದ. ಹೇಳುತ್ತ ಹೇಳುತ್ತ ಅವನಿಗೇ ಉತ್ಸಾಹ ಬಂತು. ಬೆರಳುಗಳು ಆಗಲೇ ಕೆಲಸ ಶುರುಮಾಡಿದ್ದವು.

ನೀಲಗಂಗಾ ಎದ್ದು ಬಾಗಿಲವರೆಗೆ ಹೋದವಳು ನಿಂತಳು. ಕೇಳಬಾರದೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

"ಜ್ವರದ ವರ್ಷ ನಮ್ಮ ಅಂಗಳದಾಗ ಒಂದು ಕೌದಿ ಸುಟ್ಟಿದ್ರು. ಅದರದು ಇದ್ದೀತೇನು?"

"ಜರಡಿ ಬಂದದ್ದ ಅದರ ಮ್ಯಾಲಲ್ರಿ ಅಕ್ಕಾರ," ಎಂದ ತನ್ವೀರ್ ಮೆಲ್ಲಗೆ. "ಇದ್ದಿದ್ರ ನಿಮಗ ಕೊಡತಿದ್ದೆ."

"ಸುಮ್ನ ಕೇಳಿದೆ," ಎಂದು ಅವಳು ಸರಸರ ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಮರುದಿನ ಬೆಳಿಗ್ಗೆ, ಬಿಸಿಲು ಜಗಲಿಗೆ ಬಿದ್ದ ಮೇಲೆ, ತನ್ವೀರ್ ಸ್ವತಃ ಬಂದ. ಬಾಗಿಲ ಪಕ್ಕದ ನಳಿಕೆಯನ್ನು ಮುದುಕಿ ಕೂತ ಕಡೆ ತಿರುಗಿಸಿದ. ಮೊದಲ ಸಲ ಸುಟ್ಟ ಶೇಂಗಾದ ಘಾಟು ಬಂತು, ಫಕೀರಪ್ಪ ಸೀನಿ ಸೀನಿ ಸುಸ್ತಾದ. "ಕೌದಿ ಹೊದಸಂದ್ರ ಚುರುಮುರಿ ಅಂಗಡಿ ತೆಗದೀಯಲ್ಲೋ ಮಾರಾಯಾ!" ತನ್ವೀರ್ ನಾಚಿ ಏನೋ ತಿರುವಿದ. ಎರಡನೇ ಸಲ ಗಾಳಿ ಬಂದಾಗ ಫಕೀರಪ್ಪ ಮೂಗು ಒರೆಸಿಕೊಳ್ಳುತ್ತಿದ್ದ ಕೈ ತೆಗೆದ.

ಹಳೆಯ ಹತ್ತಿ ಸೀರೆ, ಒಲೆಯ ಹೊಗೆ, ಬೇವಿನ ಎಲೆ, ಹಸುಗೂಸಿನ ತಲೆಯ ಎಣ್ಣೆ, ಇವೆಲ್ಲದರ ಅಡಿಯಲ್ಲಿ ಒಣಗಿದ ಜೋಳದ ರೊಟ್ಟಿ. ಎಷ್ಟೋ ವರ್ಷಗಳಿಂದ ವಾಸನೆಯೇ ಇಲ್ಲದ ಮನೆಯಲ್ಲಿದ್ದ ನೀಲಗಂಗಾ ಆ ಗಾಳಿಯನ್ನು ಎದೆ ತುಂಬ ಎಳೆದುಕೊಂಡಳು. ಅದು ಅವಳ ತಾಯಿಯದಲ್ಲ, ಆದರೂ ಒಂದು ಗಳಿಗೆ ಇಟ್ಟಿಗೆ ಒಲೆಗಳೆಲ್ಲ ಅಂಗಳದಲ್ಲಿ ಉರಿದಂತೆ ಅನಿಸಿತು.

ಸಾಂವಕ್ಕ ಕಣ್ಣು ಮುಚ್ಚಿದಳು. ಮುಖದ ಗೆರೆಗಳೆಲ್ಲ ಸಡಿಲವಾದವು. "ಯವ್ವಾ," ಎಂದಳು, ಚಿಕ್ಕ ಹುಡುಗಿಯ ದನಿಯಲ್ಲಿ. ಎದ್ದು ನಿಂತು ಸುತ್ತಲೂ ನೋಡಿದಳು. ಕೌದಿಯನ್ನು ಎತ್ತಿ ಮೂಸಿದಳು, ಅದರಲ್ಲಿ ಏನೂ ಇರಲಿಲ್ಲ. ವಾಸನೆ ಗೋಡೆಯಿಂದ ಬರುತ್ತಿತ್ತು. ತಡವರಿಸುತ್ತ ಹೋಗಿ ಗೋಡೆಗೆ ಎರಡೂ ಅಂಗೈ ಇಟ್ಟಳು.

"ಗ್ವಾಡ್ಯಾಗ ಹಾಕೀರೇನ ನಮ್ಮವ್ವನ್ನ? ಯಾಕ ಹಾಕೀರಿ? ಹೊರಗ ತಗೀರಿ ಆಕೀನ್ನ!"

ಅವಳು ಉಗುರಿನಿಂದ ಪರದೆಯನ್ನು ಕೆರೆಯತೊಡಗಿದಾಗ ನೀಲಗಂಗಾ ಓಡಿಹೋಗಿ ಹಿಡಿದುಕೊಂಡಳು. ತನ್ವೀರ್ ನಳಿಕೆ ಮುಚ್ಚಿದ. ಮುಚ್ಚಿದ ಮೇಲೆ ಮುದುಕಿಯ ಅಳು ಇನ್ನೂ ಜೋರಾಯಿತು, ಎರಡನೇ ಸಲ ಕಳೆದುಕೊಂಡವರ ಅಳು ಅದು. ಬಹಳ ಹೊತ್ತಿನ ನಂತರ ಕೆಮ್ಮುತ್ತ ಕಂಬದ ಬುಡಕ್ಕೆ ಹೋಗಿ ಕೂತಳು.

"ತಪ್ಪಾತ್ರಿ ಅಕ್ಕಾರ," ಎಂದ ತನ್ವೀರ್. ಅವನ ಮುಖ ಬಿಳಿಚಿಕೊಂಡಿತ್ತು. "ವಾಸ್ನಿ ಬರೋಬ್ಬರಿ ಇತ್ತು. ಒಂಚೂರೂ ಹೆಚ್ಚುಕಮ್ಮಿ ಇರಲಿಲ್ಲ."

"ಅದಕ್ಕ ಅತ್ತಳು," ಎಂದಳು ನೀಲಗಂಗಾ.

ಅವಳು ಹಿತ್ತಲ ಕಡೆಯ ತನ್ನ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ತಾನು ಬಿಚ್ಚಿದ ಮೂಲೆ ತೆರೆದೇ ಇದೆ, ತಾನು ಮಾತ್ರ ಊರೆಲ್ಲ ಸುತ್ತಿ ಯಂತ್ರದ ಬಾಗಿಲು ತಟ್ಟಿ ಬಂದದ್ದಾಯಿತು. ಮುದುಕಿ ಮೊದಲ ದಿನವೇ ಕೇಳಿದ್ದು ವಾಸನೆಯನ್ನಲ್ಲ, ಹೊಟ್ಟೆ ಯಾರು ಹರಿದರು ಎಂದು. ಇಷ್ಟು ಸರಳ ಮಾತು ತನ್ನ ತಲೆಗೆ ಹೋಗಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಎದ್ದು ಹಿಟ್ಟಿನ ಡಬ್ಬಿ ತೆಗೆದಳು. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ರೊಟ್ಟಿ ಬಡಿದಳು. ಕೈಗೆ ಅಭ್ಯಾಸ ತಪ್ಪಿತ್ತು, ಅಂಚು ಒಡೆಯಿತು.

ಆ ರೊಟ್ಟಿಯನ್ನೂ ಸೂಜಿದಾರವನ್ನೂ ಹಿಡಿದು ಜಗಲಿಗೆ ಬಂದಾಗ ಸಾಂವಕ್ಕ ತಲೆ ಎತ್ತಿದಳು.

"ಹರದಾಕಿ ನಾನು. ಹೊಲಿದು ಕೊಡತೀನಿ. ಹೆಂಗ ಹೊಲೀಬೇಕು, ನೀವು ಹೇಳ್ರಿ."

ಸಾಂವಕ್ಕ ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡಳು. "ಉಪ್ಪು ಮರತೀ," ಎಂದಳು. ಅಂದವಳೇ ಮತ್ತೊಂದು ತುಂಡು ಮುರಿದಳು. ಬಂದ ಮೇಲೆ ತಾನಾಗಿ ಕೈ ಚಾಚಿ ತಿಂದದ್ದು ಅದೇ ಮೊದಲು.

ಆದರೆ ರೊಟ್ಟಿ ಇಟ್ಟು ಹೊಲಿದರೆ ದೀಪ ಮತ್ತೆ ಕೆಂಪಾಗುತ್ತದೆ. ಕದ್ದು ಒಳಗೆ ಒಯ್ಯಲು ನೀಲಗಂಗಾ ತಯಾರಿರಲಿಲ್ಲ. ಒಳಗೆ ಮಲಗುವವರ ಜೀವ ಅವಳ ಕೈಯಲ್ಲಿತ್ತು, ಇಲಿ ಏನು ಮಾಡಬಲ್ಲದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು? ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. ಆಗ ಫಕೀರಪ್ಪ ಹತ್ತಿರ ಸರಿದು, ಗಂಟಲು ಸರಿಮಾಡಿಕೊಂಡ.

"ನೀಲಕ್ಕ, ಬೈಯೂದಿಲ್ಲ ಅಂದ್ರ ಒಂದು ಹೇಳತೀನಿ."

"ಬೈಯೂದು ಬಿಡೂದು ಆಮ್ಯಾಲ. ಹೇಳು."

ಅವನು ರಟ್ಟೆಗೆ ಕಟ್ಟಿದ್ದ ತಾಮ್ರದ ತಾಯಿತ ತೋರಿಸಿದ. "ಇದರಾಗ ದೇವರ ಭಂಡಾರ ಇಲ್ಲ. ನಶ್ಯಾ ಐತಿ. ಅರಗು ಹಚ್ಚಿ ಮುಚ್ಚೀನಿ. ಅಷ್ಟು ಘಾಟಿದ್ರೂ ನಿನ್ನ ಜರಡಿಗೆ ಇವತ್ತಿನತನ ವಾಸ್ನಿ ಹತ್ತಿಲ್ಲ."

ಬೇರೆ ದಿನವಾಗಿದ್ದರೆ ನೀಲಗಂಗಾ ಅವನಿಗೆ ಗ್ರಹಚಾರ ಬಿಡಿಸುತ್ತಿದ್ದಳು. ಅವತ್ತು ನಳಿಕೆ ಬಿಗಿಯುತ್ತ ಇನ್ನೂ ಅಲ್ಲೇ ಇದ್ದ ತನ್ವೀರನ ಕಡೆ ತಿರುಗಿದಳು. "ಜರಡಿ ಮೂಗು ಚುರುಕೋ, ಇಲಿ ಮೂಗು ಚುರುಕೋ?"

"ಜರಡೀದು ಎಷ್ಟೋ ಪಾಲು ಚುರುಕ್ರಿ."

"ಹಂಗಾರ ಜರಡಿಗೆ ಹತ್ತದ್ದು ಇಲಿಗೆ ಹತ್ತೂದಿಲ್ಲ."

ತನ್ವೀರ್ ಬಗ್ಗಿ ತಾಯಿತದ ಅರಗನ್ನು ಉಗುರಿನಿಂದ ಒತ್ತಿ ನೋಡಿದ. "ನಿಯಮ ಬರದದ್ದು ಇಲಿ ಸಲುವಾಗಿ. ಇಲಿಗೆ ಗೊತ್ತಾಗದಂಗ, ಹುಳ ಹೋಗದಂಗ ಮುಚ್ಚಿದ್ರ ಅದು ಅನ್ನ ಅಲ್ರಿ, ತಾಯಿತ. ತಾಯಿತಕ್ಕ ಅಡ್ಡಿ ಇಲ್ಲ. ನಾನ ಮಂಡಳಿಗೆ ಹೇಳತೀನಿ, ಮುಚ್ಚುಮರಿ ಬ್ಯಾಡ."

ಫಕೀರಪ್ಪ ನಿಟ್ಟುಸಿರು ಬಿಟ್ಟು ನಶ್ಯವನ್ನು ಅಂಗಳದ ಮಣ್ಣಿಗೆ ಸುರಿದ. ತಾಯಿತವನ್ನು ಕುದಿಯುವ ನೀರಿನಲ್ಲಿ ತಿಕ್ಕಿ ತೊಳೆದರು. ಸಾಂವಕ್ಕ ತಾನೇ ರೊಟ್ಟಿಯಿಂದ ಒಂದು ಚೂರು ಮುರಿದು, ಹೆಂಚಿನ ಮೇಲೆ ಇನ್ನೊಮ್ಮೆ ಗರಿಗರಿ ಮಾಡಿಸಿ, ಅದರೊಳಗೆ ತುಂಬಿದಳು. ನೀಲಗಂಗಾ ಅರಗು ಕರಗಿಸಿ ಮುಚ್ಚಿದಳು. ಹೊಲಿಗೆ ಹಾಕಲು ಕೂತಾಗ ಮುದುಕಿಯ ಬಾಯಿ ಪೂರ್ತಿ ಬಿಚ್ಚಿಕೊಂಡಿತು. ಹೊಲಿಗೆಯ ಟಾಕಿ ದೊಡ್ಡದಾಯಿತು, ದಾರ ಸಡಿಲಾಯಿತು, ಬೆರಳು ಹಂದಿಯ ಗೊರಸಿನಂತಿವೆ, ನಿಮ್ಮವ್ವ ನಿನಗೆ ಏನು ಕಲಿಸಿದಳು?

"ಕಲಸೂದರಾಗ ಹೋದಳ್ರಿ," ಎಂದಳು ನೀಲಗಂಗಾ, ಸೂಜಿಯ ಮೇಲಿನ ಕಣ್ಣು ಎತ್ತದೆ. "ಇಲ್ಲೇ, ಒಳಗ. ಜ್ವರದಾಗ."

ಸಾಂವಕ್ಕ ಆಮೇಲೆ ಬೈಯಲಿಲ್ಲ. ನೀಲಗಂಗಾಳ ಕೈಯ ಮೇಲೆ ತನ್ನ ಕೈ ಇಟ್ಟು, ಸೂಜಿಯನ್ನು ಎಲ್ಲಿ ಚುಚ್ಚಬೇಕು, ಎಲ್ಲಿ ಎಳೆಯಬೇಕು ಎಂದು ತಾನೇ ನಡೆಸಿದಳು. ಮೂಲೆ ಮುಚ್ಚಿತು. ಮುದುಕಿ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಒಳಗೆ ಗಟ್ಟಿಯಾಗಿ ತಾಮ್ರ ಸಿಕ್ಕಿತು.

"ತುಂಬೇತಿ," ಎಂದಳು. "ನಡಿ."

ಬಾಗಿಲ ಬಳಿ ಎಲ್ಲರೂ ದೀಪದ ಕಡೆ ಮುಖ ಎತ್ತಿ ನಿಂತರು. ಕೌದಿ ಪರದೆ ದಾಟಿತು, ದೀಪ ಹಸಿರಾಯಿತು. ಸಾಂವಕ್ಕನೂ ದಾಟಿದಳು. ಅವಳ ಎದೆಯಲ್ಲಿ ನೀರು ತುಂಬಿದೆ, ಆದರೆ ಅಂಟುವ ರೋಗವಲ್ಲ, ಔಷಧ ಶುರುಮಾಡಿ ಎಂದು ಜರಡಿ ತಿಳಿಸಿತು. ನೀಲಗಂಗಾ ಮಂಡಳಿಗೆ ಫೋನು ಮಾಡಿ ಶನಿವಾರದ ಗಾಡಿ ಬೇಡವೆಂದಳು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದರು.

ಮರುದಿನ ಮಧ್ಯಾಹ್ನದ ಹೊತ್ತು ಒಳಗೆ ಬೇರೆ ಯಾರೂ ಇರಲಿಲ್ಲ, ಎಲ್ಲರೂ ದುಡಿಯಲು ಹೋಗಿದ್ದರು. ಮೇಲಿನ ಗಾಜಿನಿಂದ ಬಿಸಿಲು ಹಾಸಿಗೆಗಳ ಮೇಲೆ ಬಿದ್ದಿತ್ತು. ಕೌದಿಯೊಳಗೆ ಮಲಗಿದ್ದ ಸಾಂವಕ್ಕನ ಉಸಿರು ಇನ್ನೂ ಸೀಟಿ ಹೊಡೆಯುತ್ತಿತ್ತು, ಆದರೆ ತುಟಿಗೆ ಬಣ್ಣ ಬಂದಿತ್ತು. ಮಾತ್ರೆ ಕೊಡಲು ಬಂದ ನೀಲಗಂಗಾ ಕೌದಿಯ ಅಂಚು ಸರಿಮಾಡಿದಳು. ಸರಿಮಾಡಿದ ಕೈ ಅಲ್ಲೇ ಉಳಿಯಿತು. ಕೆಂಪು ಇಳಕಲ್ ಸೀರೆಯ ತುಂಡು, ಯಾರದೋ ಮದುವೆಯ ಕುಪ್ಪಸ, ಗಂಡಸರ ಧೋತರದ ಅಂಚು, ಪದರದ ಮೇಲೆ ಪದರ.

"ಏನ್ ನೋಡತೀ?"

"ಏನಿಲ್ಲ. ಕಾಸಿ ಕಾಸಿ ವಾಸ್ನಿ ಎಲ್ಲಾ ತಗದ್ವಿ ಯವ್ವಾ. ಅದು ಇನ್ನ ತಿರಗಿ ಬರಾಂಗಿಲ್ಲ."

"ವಜ್ಜಿ ಐತಿ ಬಾ," ಎಂದು ಸಾಂವಕ್ಕ ಕೌದಿಯ ಒಂದು ಬದಿ ಎತ್ತಿದಳು. "ವಜ್ಜಿ ಯಾವ ಪೆಟಿಗೀನೂ ತಗಿಯೂದಿಲ್ಲ."

"ಬ್ಯಾಡ ಯವ್ವಾ. ಒಬ್ಬರಿಗೆ ಒಂದ ಹಾಸಗಿ. ನಿಯಮ ಐತಿ."

"ಚಳಿ ಒಳಗ ಬರಾಕತ್ತೈತಿ. ಬರತೀಯೋ, ಮುಚ್ಚಲೋ?"

ನೀಲಗಂಗಾ ಚಪ್ಪಲಿ ಬಿಟ್ಟಳು. ಅಂಚಿನಲ್ಲಿ, ಸಾಂವಕ್ಕನಿಗೆ ತಾಗದ ಹಾಗೆ, ಮೈ ಮುದುಡಿಕೊಂಡು ಮಲಗಿದಳು. ಕೌದಿ ಮೇಲೆ ಬಿತ್ತು. ಎಂಥ ವಜ್ಜಿ, ಎಷ್ಟು ಭಾರ! ಹೆಗಲು, ಸೊಂಟ, ಮೊಣಕಾಲು, ಎಲ್ಲ ಕಡೆಯಿಂದಲೂ ಒತ್ತಿ ಹಿಡಿದಂತೆ. ಇಷ್ಟು ವರ್ಷ ಹಗುರ ಚಾದರದೊಳಗೆ ನಿದ್ದೆ ಬಾರದೆ ಹೊರಳಿದ್ದು ಯಾಕೆಂದು ಅವಳ ಮೈಗೆ ಈಗ ಗೊತ್ತಾಯಿತು. ಅವ್ವನ ಮುಖ ನೆನಪಿಗೆ ತಂದುಕೊಳ್ಳಲು ಹೋದರೆ ಬರಲಿಲ್ಲ, ಅವ್ವನ ಕೌದಿಯ ಭಾರ ಮಾತ್ರ ಪೂರ್ತಿಯಾಗಿ ಬಂತು. ಅವಳು ಅಳುತ್ತಿದ್ದಾಳೆಂದು ತಿಳಿದು ಸಾಂವಕ್ಕ ಗುದ್ದಿದಂತೆ ಬೆನ್ನಿಗೆ ಒಂದೆರಡು ಸಲ ತಟ್ಟಿದಳು.

ಕುಪ್ಪಸದಲ್ಲಿದ್ದ ಫೋನು ನಡುಗಿತು. ತನ್ವೀರ್.

"ಅಕ್ಕಾರ, ನಿಮ್ಮ ಆಸರೆಮನ್ಯಾಗ ಕೆಂಪು ದೀಪ ಬಂದೈತ್ರಿ. ಒಂದ ಹಾಸಗ್ಯಾಗ ಇಬ್ಬರು ಉಸರಾಡಾಕತ್ತಾರ ಅಂತ ಜರಡಿ ಹೇಳತೈತಿ. ಒಂಚೂರು ಹೋಗಿ ನೋಡತೀರೇನು? ಸಾಂವಕ್ಕ ಅಂತೂ ಗೊತ್ತಾತು, ಇನ್ನೊಬ್ಬರು ಯಾರಂತ ತಿಳೀವಲ್ದು."

ನೀಲಗಂಗಾ ಕೌದಿಯನ್ನು ಗದ್ದದವರೆಗೆ ಎಳೆದುಕೊಂಡಳು.

"ನಾನಪ್ಪಾ," ಎಂದಳು. "ಇನ್ನೊಂದು ಗಳಿಗಿ ಉರೀಲಿ ಬಿಡು."